ಮೂರನೇ ಗಂಟು

"ಅಲ್ಲಾಡಬೇಡ ಗುಬ್ಬಿ. ನಾನು ಬಾ ಅನ್ನೋವರೆಗೂ ಗೀಟಿನ ಮೇಲೇ ನಿಂತಿರು. ನೀನೇ ನಮ್ಮ ಗೂಟ, ಗೊತ್ತಾಯ್ತಾ?"

ಕಡ್ಡಿ ಅಷ್ಟು ಹೇಳಿ ಹಗ್ಗ ಎಳೆದುಕೊಂಡು ಮುಂದೆ ಹೊರಟಳು. ಗುಬ್ಬಿ ತಲೆಯಾಡಿಸಿದಳು. ತನ್ನ ಹಿಂದಿದ್ದ ಹುಡುಗನ ಕಿವಿಯಲ್ಲಿ ಏನೋ ಹೇಳಿ, ಎರಡು ಕಾಲನ್ನೂ ಜೋಡಿಸಿ ಚಾಕ್‌ಪೀಸಿನ ಗೀಟಿನ ಮೇಲೆ ನೆಟ್ಟಗೆ ನಿಂತಳು.

ಶಾಲೆಯ ಹಿಂದಿನ ಗೋಡೆಯನ್ನು ಅಳೆಯುವ ಕೆಲಸ ನಡೆದಿತ್ತು. ಹಗ್ಗವನ್ನು ಗೋಡೆಯುದ್ದಕ್ಕೂ ಬಿಗಿಯಾಗಿ ಎಳೆಯಬೇಕು. ಅದು ಎಲ್ಲಿ ಮುಗಿಯುತ್ತದೋ ಅಲ್ಲಿ ನೆಲದ ಮೇಲೊಂದು ಗೀಟು ಹಾಕಬೇಕು. ಹಗ್ಗದ ಹಿಂದಿನ ತುದಿ ಅಲ್ಲಿಗೆ ಬಂದು ಸೇರುವವರೆಗೂ ಒಬ್ಬರು ಗೀಟಿನ ಮೇಲೆ ನಿಂತಿರಬೇಕು. ಇಲ್ಲದಿದ್ದರೆ ಯಾವ ಗೀಟು ಹೊಸದು, ಯಾವುದು ಹಳೆಯದು ಅಂತ ಜಗಳ. ಹೋದ ವಾರ ಆಗಿದ್ದೂ ಅದೇ. ಅದಕ್ಕೇ ಈ ವಾರ ಗೂಟದ ಕೆಲಸ ಒಂದನೇ ಕ್ಲಾಸಿನ ಗುಬ್ಬಿಗೆ. ಅವಳಷ್ಟು ಅಚ್ಚುಕಟ್ಟಾಗಿ, ಸದ್ದಿಲ್ಲದೆ ನಿಲ್ಲುವವರು ಗುಂಪಿನಲ್ಲಿ ಇನ್ನಾರೂ ಇರಲಿಲ್ಲ.

"ಎಷ್ಟಾಯ್ತೋ ಪ್ರೊಫೆಸರ್?"

"ಏಳು ಹಗ್ಗ ಮುಗೀತು. ಇದು ಎಂಟನೇದು." ಮೂರನೇ ಕ್ಲಾಸಿನ ಹುಡುಗ ಮೂಗಿನಿಂದ ಜಾರುತ್ತಿದ್ದ ಕನ್ನಡಕವನ್ನು ಪೆನ್ಸಿಲಿನಿಂದ ಮೇಲಕ್ಕೆ ತಳ್ಳಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

"ಅಕ್ಕಾ, ಗೋಡೆನ ಯಾಕೆ ಅಳೀಬೇಕು? ಗೋಡೆ ಉದ್ದ ಆಗುತ್ತಾ?" ಇದು ಎರಡನೇ ಕ್ಲಾಸಿನವನು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಇದ್ದೇ ಇತ್ತು, ಆದರೆ ಶಾಲೆಯಲ್ಲಿ ಅವನು ಬರೀ ಪ್ರಶ್ನೆ.

"ನಿನ್ನ ಬಾಯಿ ಅಳೆಯೋಣ ಅಂದ್ರೆ ಹಗ್ಗ ಸಾಲಲ್ಲ. ಅದಕ್ಕೇ ಗೋಡೆ ಅಳೀತಿರೋದು," ಅಂದ ಹಿಂದಿನಿಂದ ಬಾಲ.

ಬಾಲ ನಾಲ್ಕನೇ ಕ್ಲಾಸು. ಹಗ್ಗದ ಕೊನೆಯ ಗಂಟು ಅವನದು, ಆದ್ದರಿಂದ ಅವನು ಬಾಲ. ಮೊದಲ ಗಂಟು ಐದನೇ ಕ್ಲಾಸಿನ ಕಡ್ಡಿಯದು. ತೆಳ್ಳಗೆ ಉದ್ದಕ್ಕೆ ಇದ್ದಾಳೆಂದು ಯಾರೋ ಎಂದೋ ಕರೆದ ಹೆಸರು ಅವಳಿಗೆ ಅಂಟಿಕೊಂಡುಬಿಟ್ಟಿತ್ತು.

ಆ ಶಾಲೆಯಲ್ಲಿ ಶುಕ್ರವಾರದ ಕೊನೆಯ ಪೀರಿಯಡ್‌ಗೆ ಕ್ಲಾಸುಗಳೇ ಇರುವುದಿಲ್ಲ. ಒಂದರಿಂದ ಐದರವರೆಗೆ ಕ್ಲಾಸಿಗೊಬ್ಬರಂತೆ ಐದೈದು ಮಕ್ಕಳ ಗುಂಪು. ಗುಂಪಿಗೊಂದು ಹಗ್ಗ, ಹಗ್ಗಕ್ಕೆ ಐದು ಗಂಟು, ಗಂಟಿಗೊಬ್ಬರು. ದೊಡ್ಡವರು ತುದಿಗಳಲ್ಲಿ, ಎಲ್ಲರಿಗಿಂತ ಚಿಕ್ಕವರು ನಟ್ಟನಡುವಿನ ಮೂರನೇ ಗಂಟಿನಲ್ಲಿ. ಎಲ್ಲಿಂದ ಹೊರಡುವ ಮೊದಲೂ ಮುಂದಿನವರು ಎಣಿಕೆ ಹಾಕಬೇಕು. ಒಬ್ಬೊಬ್ಬರೂ ತಮ್ಮ ಗಂಟನ್ನು ಜಗ್ಗಿ ತಮ್ಮ ನಂಬರ್ ಹೇಳಬೇಕು. ಐದೂ ಸರಿಯಾಗಿದ್ದರೆ ಕಾರ್ಡಿನಲ್ಲಿ ಐದು ಟಿಕ್. ಬೆಲ್ ಹೊಡೆದ ಮೇಲೆ ಚಿಕ್ಕವರಿಂದ ಶುರುಮಾಡಿ ಒಬ್ಬೊಬ್ಬರನ್ನೇ ಅವರವರ ಕ್ಲಾಸಿಗೆ ಬಿಟ್ಟು, ಹಗ್ಗವನ್ನೂ ಕಾರ್ಡನ್ನೂ ಹೆಡ್ ಮಿಸ್ ಟೇಬಲ್ ಮೇಲೆ ಇಡಬೇಕು.

ಕಡ್ಡಿಗೆ ಶುಕ್ರವಾರ ಅಂದರೆ ಪ್ರಾಣ. ಮನೆಯಲ್ಲಿ ಮೂವರು ಮಕ್ಕಳಲ್ಲಿ ಅವಳೇ ಕೊನೆಯವಳು. ಟಿವಿ ರಿಮೋಟಿನಿಂದ ಹಿಡಿದು ಬಸ್ಸಿನ ಕಿಟಕಿ ಸೀಟಿನವರೆಗೆ ಅವಳ ಮಾತು ನಡೆದದ್ದೇ ಇಲ್ಲ. ಇಲ್ಲಿ ಮಾತ್ರ ಅವಳು ಎಡಕ್ಕೆ ತಿರುಗಿದರೆ ನಾಲ್ಕು ಜನ ಎಡಕ್ಕೆ ತಿರುಗುತ್ತಿದ್ದರು.

ಆದರೆ ಹೋದ ಶುಕ್ರವಾರ ಗುಂಪು ಮೂರು ನಿಮಿಷ ತಡವಾಗಿ ಬಂದಿತ್ತು. "ಇನ್ನೊಂದ್ಸಲ ತಡವಾದ್ರೆ ಹಗ್ಗ ಬಾಲನ ಕೈಗೆ ಹೋಗುತ್ತೆ," ಅಂದಿದ್ದರು ಹೆಡ್ ಮಿಸ್. ಬಾಲ ತಲೆ ತಗ್ಗಿಸಿ ತನ್ನ ಶೂ ನೋಡಿಕೊಂಡಿದ್ದ. ನಗು ಮುಚ್ಚಿಕೊಳ್ಳಲು ಹಾಗೆ ಮಾಡಿದ ಅಂತ ಕಡ್ಡಿಗೆ ಗೊತ್ತಿತ್ತು.

ಅವತ್ತಿನಿಂದ ಅವಳು ಗಡಿಯಾರ ನೋಡುತ್ತಲೇ ಇದ್ದಳು.

ಗೋಡೆಗೆ ಅಂಟಿಕೊಂಡಂತೆ ಜನರೇಟರ್ ಶೆಡ್ ಇತ್ತು. ಹಗ್ಗವನ್ನು ಅದರ ಆಚೆ ಬದಿಗೆ ತರಲು ನಾಲ್ವರೂ ಶೆಡ್ಡನ್ನು ಸುತ್ತಿಕೊಂಡು ಬಂದರು. ಕರೆಂಟ್ ಹೋಗಿದ್ದರಿಂದ ಜನರೇಟರ್ ಗುಡುಗುಡು ಸದ್ದು ಮಾಡುತ್ತಿತ್ತು. ಪ್ರಶ್ನೆ ಏನೋ ಕೇಳುತ್ತಿದ್ದದ್ದು ಬಾಯಿ ಅಲ್ಲಾಡುವುದರಿಂದ ಮಾತ್ರ ತಿಳಿಯುತ್ತಿತ್ತು. ಅಷ್ಟರಲ್ಲಿ ಬೆಲ್ ಹೊಡೆಯಿತು.

"ಅಯ್ಯೋ, ಬೆಲ್ ಆಗೇಹೋಯ್ತು. ಅಳತೆ ಮುಂದಿನ ವಾರ. ಹಗ್ಗ ಹಿಡೀರಿ, ಬೇಗ ಬೇಗ." ಕಡ್ಡಿ ಮೊದಲ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ಮೊಣಕಾಲಿನ ಮೇಲೆ ಕಾರ್ಡ್ ಇಟ್ಟುಕೊಂಡು ಪೆನ್ ತೆಗೆದಳು. "ಎಣಿಕೆ. ಒಂದು."

"ಎರಡು," ಅಂದ ಪ್ರೊಫೆಸರ್, ನೋಟ್‌ಬುಕ್ಕಿನಿಂದ ತಲೆ ಎತ್ತದೆ.

"ಮೂರು. ನಾಲ್ಕು."

"ಐದು," ಅಂದ ಬಾಲ. ಅವನ ಶೂ ಒಳಗೆ ಕಲ್ಲು ಸೇರಿಕೊಂಡಿತ್ತು. ಹಗ್ಗದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂಟಿ ಕಾಲಿನಲ್ಲಿ ಕುಂಟುತ್ತಾ ಅದನ್ನು ತೆಗೆಯುತ್ತಿದ್ದ.

ಹಗ್ಗ ಐದು ಸಲ ಜಗ್ಗಿತು. ಕಡ್ಡಿ ಐದು ಟಿಕ್ ಹಾಕಿದಳು. ತಿರುಗಿ ನೋಡಲಿಲ್ಲ. ಹೆಚ್ಚುಕಡಿಮೆ ಓಡುತ್ತಲೇ ನಡೆದಳು. ನಲ್ಲಿಗಳ ಸಾಲು ದಾಟಿ, ಉಯ್ಯಾಲೆ ದಾಟಿ, ಮೆಟ್ಟಿಲು ಹತ್ತಿ ಒಂದನೇ ಕ್ಲಾಸಿನ ಬಾಗಿಲಿಗೆ ಬಂದಾಗ ಗೋಡೆ ಗಡಿಯಾರದ ಪ್ರಕಾರ ಮನೆಗೆ ಹೋಗುವ ಬೆಲ್‌ಗೆ ಇನ್ನೂ ಐದು ನಿಮಿಷ ಉಳಿದಿತ್ತು. ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ ನಗುವೇ ಬಂತು.

"ಗುಬ್ಬೀ, ನಿನ್ನ ಕ್ಲಾಸ್ ಬಂತು. ಹೋಗಮ್ಮ."

ಯಾರೂ ಹೋಗಲಿಲ್ಲ.

ಕಡ್ಡಿ ತಿರುಗಿದಳು. ಪ್ರೊಫೆಸರ್ ಇದ್ದ. ಬಾಲ ಇದ್ದ. ನಡುವೆ ಪ್ರಶ್ನೆ ಇದ್ದ. ಅವನ ಒಂದು ಮುಷ್ಟಿಯಲ್ಲಿ ನಾಲ್ಕನೇ ಗಂಟು, ಇನ್ನೊಂದು ಮುಷ್ಟಿಯಲ್ಲಿ ಮೂರನೇ ಗಂಟು.

"ಗುಬ್ಬಿ ಎಲ್ಲೋ?"

"ಅವಳ ಗಂಟು ನಾನು ಹಿಡ್ಕೊಂಡಿದೀನಿ," ಅಂದ ಪ್ರಶ್ನೆ ಹೆಮ್ಮೆಯಿಂದ. "ಹಿಡ್ಕೊಂಡಿರು ಅಂತ ಅವಳೇ ಹೇಳಿದ್ಲು. ನಾನು ಬಿಟ್ಟೇ ಇಲ್ಲ."

"ಯಾವಾಗ ಹೇಳಿದ್ಲು?"

"ಆಗಲೇ."

ಪ್ರಶ್ನೆಯ 'ಆಗಲೇ' ಅಂದರೆ ಐದು ನಿಮಿಷದ ಹಿಂದೆಯೂ ಆಗಬಹುದು, ಹೋದ ರಜೆಯಲ್ಲೂ ಆಗಬಹುದು. ಶೆಡ್ ಹತ್ತಿರ ಎಣಿಸಿದಾಗ ಐದೂ ಇತ್ತಲ್ಲ? ಕಿವಿಯಾರೆ ಕೇಳಿದ್ದಳಲ್ಲ? ಹಾಗಾದರೆ ದಾರಿಯಲ್ಲೇ ಎಲ್ಲೋ ಹಗ್ಗ ಬಿಟ್ಟಿದ್ದಾಳೆ. ನೀರು ಕುಡಿಯಲು ನಿಂತಿರಬೇಕು. ಇಲ್ಲವೇ ಉಯ್ಯಾಲೆ.

"ಅಕ್ಕಾ, ಮಿಸ್‌ಗೆ ಹೇಳಿಬಿಡೋಣ," ಅಂದ ಬಾಲ ಮೆಲ್ಲಗೆ.

"ಹೇಳಿದ್ರೆ ಹಗ್ಗ ನಿನಗೆ ಸಿಗುತ್ತೆ, ಅದಕ್ಕೆ ತಾನೇ?"

ಬಾಲನ ಮುಖ ಚಿಕ್ಕದಾಯಿತು.

"ಎರಡೇ ನಿಮಿಷ. ನಾನು ಕರ್ಕೊಂಡು ಬರ್ತೀನಿ. ನೀನು ಇವರಿಬ್ಬರನ್ನ ಕ್ಲಾಸಿಗೆ ಬಿಡು. ಯಾರಿಗೂ ಏನೂ ಹೇಳಬೇಡ."

ಒಳಗೆ ಒಂದನೇ ಕ್ಲಾಸಿನ ಮಿಸ್ ಬಗ್ಗಿ ಯಾರದೋ ಶೂ ಲೇಸ್ ಕಟ್ಟುತ್ತಿದ್ದರು. ತಲೆ ಎತ್ತದೆಯೇ ಕೇಳಿದರು, "ಯಾರು ಬಾಗಿಲಲ್ಲಿ? ನಮ್ಮ ಗುಬ್ಬಿ ಬಂದ್ಲಾ?"

"ಬಾತ್‌ರೂಮಿಗೆ ಹೋಗಿದಾಳೆ ಮಿಸ್. ಈಗ ಕರ್ಕೊಂಡು ಬರ್ತೀನಿ."

ಮಾತು ತಾನಾಗಿಯೇ ಬಾಯಿಂದ ಬಂದುಬಿಟ್ಟಿತು. ಕಡ್ಡಿ ಅಲ್ಲಿ ನಿಲ್ಲದೆ ಓಡಿದಳು.

ಉಯ್ಯಾಲೆ ಖಾಲಿ ಇತ್ತು. ನಲ್ಲಿಗಳ ಹತ್ತಿರ ಯಾರೂ ಇರಲಿಲ್ಲ, ಒಂದು ನಲ್ಲಿ ಮಾತ್ರ ತೊಟ್ಟಿಕ್ಕುತ್ತಿತ್ತು. ಹುಡುಗಿಯರ ಬಾತ್‌ರೂಮಿನಲ್ಲಿ ನಾಲ್ಕು ಬಾಗಿಲಲ್ಲಿ ಮೂರು ತೆರೆದಿದ್ದವು. ನಾಲ್ಕನೆಯದು ಮುಚ್ಚಿತ್ತು. ಅಬ್ಬಾ, ಹೇಳಿದ ಸುಳ್ಳೇ ನಿಜವಾಯಿತು ಅಂದುಕೊಂಡು ಕಡ್ಡಿ ಬಾಗಿಲು ಬಡಿದಳು.

"ಗುಬ್ಬೀ, ಒಳಗಿದೀಯಾ?"

"ನಾನು ಗುಬ್ಬಿ ಅಲ್ಲ, ಸಂಗೀತದ ಟೀಚರ್," ಅಂತು ಒಳಗಿನ ದಪ್ಪ ಸ್ವರ.

ಬೇರೆ ದಿನವಾಗಿದ್ದರೆ ಕಡ್ಡಿ ಅದನ್ನು ನೆನೆದು ಒಂದು ವಾರ ನಗುತ್ತಿದ್ದಳು. ಈಗ ಅವಳು ಮತ್ತೆ ಹಿಂದಿನ ಅಂಗಳಕ್ಕೆ ಓಡಿದಳು. ಎಣಿಕೆ ಹಾಕಿದ ಜಾಗದಲ್ಲಿ, ಶೆಡ್ಡಿನ ಅದೇ ಬದಿಯಲ್ಲಿ ನಿಂತು "ಗುಬ್ಬೀ, ಗುಬ್ಬೀ" ಅಂತ ಕೂಗಿದಳು. ಜನರೇಟರ್ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಸರಿಯಾಗಿ ಕೇಳಲಿಲ್ಲ. ಬರುವ ದಾರಿಯಲ್ಲಿ ನೀರಿನ ಸಂಪ್ ಇತ್ತು. ಅದಕ್ಕೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ. ಬೀಗ ಹಾಕಿದ್ದು ಕಣ್ಣಿಗೆ ಕಾಣುತ್ತಿದ್ದರೂ ಅವಳು ಬಗ್ಗಿ ಎರಡು ಸಲ ಎಳೆದು ನೋಡಿದಳು.

ಅಷ್ಟರಲ್ಲಿ ಮನೆಗೆ ಹೋಗುವ ಬೆಲ್ ಆಯಿತು.

ಎಲ್ಲ ಬಾಗಿಲುಗಳಿಂದಲೂ ಮಕ್ಕಳು ಹೊರಗೆ ನುಗ್ಗಿದರು. ಒಂದನೇ ಕ್ಲಾಸಿನ ಹುಡುಗಿಯರೆಲ್ಲ ಹಿಂದಿನಿಂದ ಒಂದೇ ಥರ. ಎರಡು ಜಡೆ, ಬೆನ್ನಿಗಿಂತ ದೊಡ್ಡ ಬ್ಯಾಗು. ಕಡ್ಡಿ ಒಬ್ಬಳ ಭುಜ ಹಿಡಿದು ತಿರುಗಿಸಿದಳು. ಅವಳಲ್ಲ. ಇನ್ನೊಬ್ಬಳನ್ನು ತಿರುಗಿಸಿದಳು. ಅವಳೂ ಅಲ್ಲ. ಗೇಟಿನ ಹೊರಗೆ ವ್ಯಾನುಗಳು ಒಂದೊಂದಾಗಿ ಸ್ಟಾರ್ಟ್ ಆಗುತ್ತಿದ್ದವು. ಗುಬ್ಬಿ ಯಾರದೋ ಹಿಂದೆ ಹೊರಗೆ ಹೋಗಿಬಿಟ್ಟಿದ್ದರೆ? ಯಾವುದೋ ವ್ಯಾನು ಹತ್ತಿಬಿಟ್ಟಿದ್ದರೆ?

ಗೇಟಿನ ಪಕ್ಕದಲ್ಲಿ ಸ್ಕೂಟರಿಗೆ ಒರಗಿಕೊಂಡು ಬಿಳಿ ಮೀಸೆಯ ಒಬ್ಬ ಅಜ್ಜ ನಿಂತಿದ್ದರು. ಅವರ ಕೈಯಲ್ಲಿ ಒಂದು ಪುಟ್ಟ ಹೆಲ್ಮೆಟ್ ಇತ್ತು, ಅದರ ಮೇಲೆ ಗುಬ್ಬಚ್ಚಿಯ ಸ್ಟಿಕ್ಕರ್.

"ನೀನೇ ಅಲ್ವೇನಮ್ಮ ಕಡ್ಡಿ ಅಕ್ಕ?" ಅವರು ಕರೆದರು. "ದೂರದಿಂದಲೇ ಗೊತ್ತಾಯ್ತು. ಮನೇಲಿ ಪೂರ್ತಿ ನಿಂದೇ ಪುರಾಣ. ಕಡ್ಡಿ ಅಕ್ಕ ಹೀಗಂದ್ಲು, ಕಡ್ಡಿ ಅಕ್ಕ ಹಾಗಂದ್ಲು. ನಮ್ಮ ಪುಟ್ಟಿ ಬಾಯಿ ತೆಗೆದ್ರೆ ಮುಚ್ಚೋದೇ ಇಲ್ಲ ನೋಡು. ಬರ್ತಿದಾಳಾ?"

ಬಾಯಿ ಮುಚ್ಚದ ಗುಬ್ಬಿಯೇ? ಇವರು ಬೇರೆ ಯಾರ ಬಗ್ಗೆಯೋ ಹೇಳುತ್ತಿದ್ದಾರೆ ಅನ್ನಿಸಿತು ಕಡ್ಡಿಗೆ. ಆದರೆ ಆ ಸ್ಟಿಕ್ಕರ್ ಸುಳ್ಳು ಹೇಳುತ್ತಿರಲಿಲ್ಲ.

"ಬರ್ತಿದಾಳೆ ಅಜ್ಜ," ಅಂದಳು.

"ಬರಲಿ ಬರಲಿ. ಅವಸರ ಏನಿಲ್ಲ." ಅಜ್ಜ ಹೆಲ್ಮೆಟ್ಟಿನ ಬೆಲ್ಟನ್ನು ಬಿಚ್ಚಿ ಸಿದ್ಧಮಾಡಿ ಹಿಡಿದುಕೊಂಡರು.

ಕಡ್ಡಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಾರಿಡಾರಿನ ಕಂಬದ ಮರೆಗೆ ಬಂದು ಕಾರ್ಡ್ ನೋಡಿದಳು. ಐದು ಟಿಕ್, ಸಾಲಾಗಿ, ಅಂದವಾಗಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಇನ್ನು ಸ್ವಲ್ಪ ಹೊತ್ತಿಗೆ ಅಜ್ಜ ಒಳಗೆ ಬರುತ್ತಾರೆ. ಮಿಸ್ ಹೊರಗೆ ಬರುತ್ತಾರೆ. ಅಷ್ಟರಲ್ಲಿ ವ್ಯಾನುಗಳೆಲ್ಲ ಹೋಗಿರುತ್ತವೆ.

ಅವಳಿಗೆ ಅಮ್ಮನ ನೆನಪಾಯಿತು. ಅಮ್ಮ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಹೊಟ್ಟೆ ಹೊಲಿಯುವ ಮೊದಲು ರಕ್ತ ಒರೆಸಿದ ಬಟ್ಟೆಯ ತುಂಡುಗಳನ್ನೆಲ್ಲ ಎಣಿಸುವುದು ಅಮ್ಮನ ಕೆಲಸ. ಒಂದು ಸಲ ಒಂದು ತುಂಡು ಕಡಿಮೆ ಬಂತಂತೆ. ದೊಡ್ಡ ಡಾಕ್ಟರ್ ಸೂಜಿ ಕೈಗೆ ತೆಗೆದುಕೊಂಡಾಗಿತ್ತು. ಅಮ್ಮ ಆಗಿನ್ನೂ ಹೊಸಬಳು. ಆದರೂ "ನಿಲ್ಲಿಸಿ ಸರ್, ಎಣಿಕೆ ತಪ್ಪಿದೆ" ಅಂದಳಂತೆ. ಎಲ್ಲರೂ ನಿಂತರಂತೆ. ಹುಡುಕಿ ಹುಡುಕಿ ನೋಡಿದರೆ ಅದು ಡಾಕ್ಟರ ಚಪ್ಪಲಿಗೇ ಅಂಟಿಕೊಂಡಿತ್ತು. ಮನೆಯಲ್ಲಿ ಆ ಕತೆ ಹೇಳಿದಾಗಲೆಲ್ಲ ಎಲ್ಲರೂ ಚಪ್ಪಲಿಯ ಮಾತಿಗೆ ನಗುತ್ತಿದ್ದರು. 'ನಿಲ್ಲಿಸಿ' ಅನ್ನುವಾಗ ಅಮ್ಮನಿಗೆ ಹೇಗಾಗಿತ್ತು ಅಂತ ಯಾರೂ ಕೇಳಿರಲಿಲ್ಲ.

ಕಡ್ಡಿ ಹೆಡ್ ಮಿಸ್ ರೂಮಿಗೆ ನಡೆದಳು. ಒಳಗೆ ಬರಲೇ ಅಂತ ಕೇಳುವುದನ್ನೂ ಮರೆತಳು.

"ಮಿಸ್, ವ್ಯಾನ್ ನಿಲ್ಲಿಸಿ. ನಾನು ಐದು ಅಂತ ಟಿಕ್ ಹಾಕಿದೀನಿ. ನಾಲ್ಕೇ ಜನ ಇರೋದು. ಗುಬ್ಬಿ ಇಲ್ಲ. ಬಾತ್‌ರೂಮಿಗೆ ಹೋಗಿದಾಳೆ ಅಂತ ನಾನು ಸುಳ್ಳು ಹೇಳಿದೆ. ಅವರ ಅಜ್ಜನಿಗೂ ಸುಳ್ಳು ಹೇಳಿದೆ."

ಹೆಡ್ ಮಿಸ್ ಬೈಯಲಿಲ್ಲ. ಬೈಯಲು ಅವರಿಗೆ ಪುರುಸೊತ್ತಿರಲಿಲ್ಲ. ಕುರ್ಚಿಯಿಂದ ಎದ್ದವರೇ ಕಿಟಕಿಯಿಂದ ಗೇಟಿನವನಿಗೆ ಕೂಗಿ ಹೇಳಿದರು, "ಗೇಟ್ ಮುಚ್ಚಪ್ಪ. ಒಂದು ವ್ಯಾನೂ ಕದಲಬಾರದು. ಒಂದು ಮಗುವೂ ಹೊರಗೆ ಹೋಗಬಾರದು."

ಇಡೀ ಶಾಲೆ ನಿಂತುಹೋಯಿತು. ಎಂಜಿನ್‌ಗಳು ಒಂದೊಂದಾಗಿ ಆರಿದವು. ಕರೆದೊಯ್ಯಲು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರು, ಏನಾಯ್ತು, ಯಾವ ಮಗು ಅಂತ ಗುಸುಗುಸು ಶುರುವಾಯಿತು. ಟೀಚರುಗಳು ಒಬ್ಬೊಬ್ಬರು ಒಂದೊಂದು ವ್ಯಾನಿನೊಳಗೆ ಹೋಗಿ ಮುಖ ಮುಖ ನೋಡಿ ಬಂದರು. ಅಜ್ಜ ಗೇಟಿನ ಕಂಬಿ ಹಿಡಿದು ನಿಂತಿದ್ದರು. ಅವರ ಇನ್ನೊಂದು ಕೈಯಲ್ಲಿ ಹೆಲ್ಮೆಟ್ ತೂಗುತ್ತಿತ್ತು. ನೆಲ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡಬೇಕು ಅನ್ನಿಸಿತು ಕಡ್ಡಿಗೆ.

ಬಾಲ, ಪ್ರೊಫೆಸರ್, ಪ್ರಶ್ನೆ ಮೂವರನ್ನೂ ಕರೆಸಿದ್ದಾಯಿತು. ಹೆಡ್ ಮಿಸ್ ಮಕ್ಕಳ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕುಳಿತರು.

"ಯಾರೂ ಹೆದರಬೇಡಿ. ಯೋಚನೆ ಮಾಡಿ ಹೇಳಿ. ಗುಬ್ಬಿಯ ಸ್ವರ ಕೊನೇ ಸಲ ಯಾರು ಕೇಳಿದ್ದು?"

"ಶೆಡ್ ಹತ್ರ ಎಣಿಕೆ ಹಾಕಿದಾಗ ಮಿಸ್," ಅಂದಳು ಕಡ್ಡಿ. "ಮೂರು ಅಂದ್ಲು."

ಪ್ರಶ್ನೆ ತನ್ನ ಶರ್ಟಿನ ಗುಂಡಿ ತಿರುಗಿಸತೊಡಗಿದ. "ಮಿಸ್, ಮೂರು ಅಂದಿದ್ದು ನಾನು."

"ಮತ್ತೆ ನಾಲ್ಕು?"

"ಅದೂ ನಾನೇ."

"ಅವಳ ನಂಬರ್ ನೀನು ಯಾಕಪ್ಪ ಹೇಳಿದೆ?"

ಪ್ರಶ್ನೆ ಕಡ್ಡಿಯ ಕಡೆ ನೋಡಿದ. ಲೋಕದ ಎಲ್ಲದರ ಬಗ್ಗೆಯೂ ಬಾಯಿ ತೆರೆಯುವವನು ಈಗ ತುಟಿ ಬಿಗಿಹಿಡಿದು ನಿಂತ. ಕಣ್ಣಲ್ಲಿ ನೀರು ತುಂಬಿತು, ಆದರೂ ಹೇಳಲಿಲ್ಲ.

ಕಡ್ಡಿಗೆ ಆಗ ನೆನಪಾಯಿತು. ಪ್ರತಿ ಎಣಿಕೆಯಲ್ಲೂ ಮೂರರ ಹತ್ತಿರ ಬಂದು ನಿಲ್ಲುತ್ತಿತ್ತು. ಎರಡು ಆದ ಮೇಲೆ ಏನೂ ಕೇಳಿಸುತ್ತಿರಲಿಲ್ಲ. 'ಜೋರಾಗಿ ಹೇಳು ಗುಬ್ಬಿ, ಇನ್ನೂ ಜೋರಾಗಿ' ಅನ್ನುವುದರಲ್ಲೇ ಹೊತ್ತು ಹೋಗುತ್ತಿತ್ತು. ಹೋದ ವಾರ ಹೆಡ್ ಮಿಸ್ ರೂಮಿನಿಂದ ಹೊರಗೆ ಬಂದವಳೇ ಪ್ರಶ್ನೆಯನ್ನು ಪಕ್ಕಕ್ಕೆ ಕರೆದು ಹೇಳಿದ್ದಳು.

"ನಾನೇ ಹೇಳಿದ್ದು ಮಿಸ್," ಅಂದಳು. "ಅವಳಿಗೆ ಕಾಯ್ತಾ ಕೂತ್ರೆ ತಡವಾಗುತ್ತೆ, ಅವಳ ನಂಬರೂ ನೀನೇ ಹೇಳಿಬಿಡು ಅಂತ."

"ಹಾಗಾದ್ರೆ ಇವತ್ತು ನೀನು ಅವಳ ಜೊತೆ ಕೊನೇ ಸಲ ಮಾತಾಡಿದ್ದು ಯಾವಾಗ? ಏನು ಹೇಳಿದ್ದೆ?"

ಕಡ್ಡಿ ಬಾಯಿ ತೆರೆದಳು. ಅವಳು ಹೇಳಿದ್ದ ಮಾತು ಅವಳ ಕಿವಿಗೇ ಬಂದು ಬಡಿಯಿತು. ಅಲ್ಲಾಡಬೇಡ. ನಾನು ಬಾ ಅನ್ನೋವರೆಗೂ.

ಅವಳು ಓಡಿದಳು. ಹಿಂದೆ ಹೆಡ್ ಮಿಸ್, ಅವರ ಹಿಂದೆ ಬಾಲ. ಉಯ್ಯಾಲೆ, ನಲ್ಲಿ, ಸಂಪ್, ಎಣಿಕೆ ಹಾಕಿದ ಜಾಗ. ಅಲ್ಲಿಂದ ಶೆಡ್ಡನ್ನು ಸುತ್ತಿದರೆ ಇಪ್ಪತ್ತು ಹೆಜ್ಜೆ.

ಗುಬ್ಬಿ ಗೀಟಿನ ಮೇಲೆಯೇ ಇದ್ದಳು.

ಬೆನ್ನು ಗೋಡೆಗೆ ಆನಿಸಿ, ಎರಡು ಕಾಲನ್ನೂ ಹೆಣೆದುಕೊಂಡು ನಿಂತಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಒಣಗಿ ಎರಡು ಗೆರೆಗಳಾಗಿದ್ದವು. ಚಾಕ್‌ಪೀಸನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅದು ಮುಷ್ಟಿಯಲ್ಲೇ ಪುಡಿಯಾಗಿತ್ತು.

"ಬಾರಮ್ಮ, ಬಾ ಕಂದ," ಅಂತ ಹೆಡ್ ಮಿಸ್ ಎರಡು ಕೈಯನ್ನೂ ಚಾಚಿದರು.

ಗುಬ್ಬಿ ಅವರನ್ನು ನೋಡಿದಳು. ಆಮೇಲೆ ಕಡ್ಡಿಯನ್ನು ನೋಡಿದಳು. ಕದಲಲಿಲ್ಲ.

"ಬಾ," ಅಂದಳು ಕಡ್ಡಿ. ಸ್ವರ ಹೊರಡಲಿಲ್ಲ. ಇನ್ನೊಂದು ಸಲ ಅಂದಳು. "ಬಾ ಗುಬ್ಬಿ."

ಆಗ ಗುಬ್ಬಿ ಗೀಟಿನಿಂದ ಕಾಲು ತೆಗೆದಳು. ಹತ್ತಿರ ಬಂದು ಕಡ್ಡಿಯ ಸ್ಕರ್ಟ್ ಹಿಡಿದು ಏನೋ ಹೇಳಿದಳು. ಜನರೇಟರ್ ಸದ್ದಿನಲ್ಲಿ ಕೇಳಲಿಲ್ಲ. ಕಡ್ಡಿ ಬಗ್ಗಿ ಅವಳ ಬಾಯಿಯ ಹತ್ತಿರ ಕಿವಿ ಇಟ್ಟಳು.

"ಅಕ್ಕಾ, ನಾನು ಅಲ್ಲಾಡಲೇ ಇಲ್ಲ. ಒಂದಕ್ಕೆ ಬರ್ತಿದೆ. ಹೋಗ್ಲಾ?"

ಕಡ್ಡಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಗುಬ್ಬಿಯ ಕೈ ಹಿಡಿದು ಬಾತ್‌ರೂಮಿಗೆ ಓಡಿಸಿಕೊಂಡು ಹೋದಳು.

ಗೇಟಿನ ಹತ್ತಿರ ಅಜ್ಜ ಮೊಮ್ಮಗಳ ತಲೆಗೆ ಹೆಲ್ಮೆಟ್ ಹಾಕಿದರು. ಬೆಲ್ಟ್ ಸಿಕ್ಕಿಸಲು ಹೋಗಿ ಎರಡು ಸಲ ತಪ್ಪಿದರು.

"ಅಜ್ಜ, ಬರ್ತಿದಾಳೆ ಅಂತ ಹೇಳಿದ್ನಲ್ಲ, ಅದು ಸುಳ್ಳು," ಅಂದಳು ಕಡ್ಡಿ. "ಆಗ ಅವಳು ಎಲ್ಲಿದಾಳೆ ಅಂತ ನನಗೇ ಗೊತ್ತಿರಲಿಲ್ಲ."

ಅಜ್ಜ ಪರವಾಗಿಲ್ಲ ಅನ್ನಲಿಲ್ಲ. "ಗೊತ್ತಿಲ್ಲ ಅಂತ ಆಗಲೇ ಹೇಳಿದ್ರೆ ನಾನೂ ಹುಡುಕ್ತಿದ್ದೆ ಕಣಮ್ಮ," ಅಂದರು. ಸ್ಕೂಟರ್ ಹೊರಟಿತು. ಗುಬ್ಬಿ ಹಿಂದಿನಿಂದ ಅಜ್ಜನ ಬೆನ್ನಿಗೆ ಹೆಲ್ಮೆಟ್ ಒತ್ತಿಕೊಂಡು, ತಿರುವಿನವರೆಗೂ ಏನೋ ಹೇಳುತ್ತಲೇ ಹೋದಳು.

ಕಡ್ಡಿ ಹಗ್ಗವನ್ನು ಸುತ್ತಿ, ಯಾರೂ ಕೇಳುವ ಮೊದಲೇ ಹೆಡ್ ಮಿಸ್ ಟೇಬಲ್ ಮೇಲೆ ಇಟ್ಟಳು. ಕಾರ್ಡಿನ ಮೂರನೇ ಟಿಕ್ಕನ್ನು ಹೊಡೆದುಹಾಕಿದ್ದಳು.

ಆ ವಾರ ಏಳು ದಿನವಲ್ಲ, ಎಪ್ಪತ್ತು ದಿನ ಇದ್ದಂತಿತ್ತು. ಮನೆಯಲ್ಲಿ ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ಅಮ್ಮ ಪೂರ್ತಿ ಕೇಳಿಸಿಕೊಂಡು, "ನಿಲ್ಲಿಸಿ ಅನ್ನೋಕೆ ತುಂಬಾ ಕಷ್ಟ ಆಯ್ತಾ?" ಅಂದಳು. ಕಡ್ಡಿ ಹೂಂ ಅಂದಳು. "ನನಗೂ ಅವತ್ತು ಕಾಲು ನಡುಗಿತ್ತು," ಅಂದಳು ಅಮ್ಮ. ಆ ಕತೆಯಲ್ಲಿ ಈ ಭಾಗವನ್ನು ಅಮ್ಮ ಯಾವತ್ತೂ ಹೇಳಿರಲಿಲ್ಲ.

ಶುಕ್ರವಾರ ಮತ್ತೆ ಬಂತು. ಹಗ್ಗ ಈಗ ಬಾಲನ ಕೈಯಲ್ಲಿ. ಬಾಲವೇ ತಲೆಯಾಯಿತು ಅಂತ ಪ್ರೊಫೆಸರ್ ಗಂಭೀರವಾಗಿ ನೋಟ್‌ಬುಕ್ಕಿನಲ್ಲಿ ಬರೆದ. ಹೆಡ್ ಮಿಸ್ ಗಂಟುಗಳನ್ನು ಹೊಸದಾಗಿ ಹಂಚಿದ್ದರು. ಬಾಲನ ಹಿಂದೆ ಪ್ರಶ್ನೆ, ನಡುವೆ ಗುಬ್ಬಿ, ಕೊನೆಯಲ್ಲಿ ಪ್ರೊಫೆಸರ್. ಕಡ್ಡಿಗೆ ನಾಲ್ಕನೇ ಗಂಟು. ಗುಬ್ಬಿ ಬರುತ್ತಾಳೋ ಇಲ್ಲವೋ, ಬಂದರೂ ತನ್ನ ಮುಂದೆ ನಿಲ್ಲುತ್ತಾಳೋ ಇಲ್ಲವೋ ಅಂತ ಕಡ್ಡಿ ಬೆಳಗಿನಿಂದ ಸರಿಯಾಗಿ ಊಟವನ್ನೂ ಮಾಡಿರಲಿಲ್ಲ. ಗುಬ್ಬಿ ಬಂದಳು. ತನ್ನ ಗಂಟು ಹಿಡಿದಳು.

ಇಷ್ಟು ವಾರ ಕಡ್ಡಿ ಹಗ್ಗದ ಮಧ್ಯದಲ್ಲಿ ನಿಂತೇ ಇರಲಿಲ್ಲ. ಇಲ್ಲಿಂದ ದಾರಿ ಕಾಣುವುದಿಲ್ಲ. ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಯಾರೂ ಹೇಳುವುದಿಲ್ಲ. ಹಗ್ಗ ಎಳೆದರೆ ನಡೆಯಬೇಕು, ನಿಂತರೆ ನಿಲ್ಲಬೇಕು.

ಶೆಡ್ಡಿನ ಹತ್ತಿರ ಬೆಲ್ ಹೊಡೆಯಿತು. ಇವತ್ತು ಕರೆಂಟ್ ಇತ್ತು, ಜನರೇಟರ್ ಸುಮ್ಮನಿತ್ತು. ಬಾಲ ಅವಸರದಲ್ಲಿ ಕಾರ್ಡ್ ತೆಗೆದ. "ಎಣಿಕೆ. ಒಂದು."

"ಎರಡು," ಅಂತ ಪ್ರಶ್ನೆ ಕಿರುಚಿದ.

ಅವನ ಕಿರುಚು ಇನ್ನೂ ಮುಗಿದಿರಲಿಲ್ಲ. ಅದರ ಅಡಿಯಲ್ಲಿ, ಕಡ್ಡಿಯ ಮುಂದೆಯೇ, ಎರಡು ಜಡೆಗಳ ನಡುವಿನಿಂದ ಒಂದು ಸಣ್ಣ ಸ್ವರ ಬಂತು.

"ಮೂರು."

ಒಂದು ಚೂರೂ ತಡವಿರಲಿಲ್ಲ. ಗಂಟು ಕೂಡ ಮೆಲ್ಲಗೆ ಒಂದು ಸಲ ಜಗ್ಗಿತು.

ಕಡ್ಡಿ ಹಾಗೇ ನಿಂತಳು. ಗುಬ್ಬಿ ಪ್ರತಿ ಸಲವೂ ಹೇಳುತ್ತಿದ್ದಳು. ಜೋರಾಗಿ ಹೇಳು ಅಂತ ತಾನು ಮುಂದೆ ನಿಂತು ಕೂಗುತ್ತಿದ್ದಾಗಲೂ ಹೇಳುತ್ತಿದ್ದಳು. ಹೇಳಿ ಮುಗಿಸಿ, ತನ್ನನ್ನು ಯಾಕೆ ಮತ್ತೆ ಮತ್ತೆ ಕೇಳುತ್ತಿದ್ದಾರೆ ಅಂತ ತಿಳಿಯದೆ ಸುಮ್ಮನೆ ನಿಲ್ಲುತ್ತಿದ್ದಳು.

"ಮೂರು ಎಲ್ಲಿ?" ಬಾಲ ಮುಂದಿನಿಂದ ಕೂಗಿದ. "ಬೇಗ ಹೇಳು ಗುಬ್ಬಿ, ತಡವಾಗುತ್ತೆ."

ಪ್ರಶ್ನೆ ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ ಬಾಯಿ ತೆರೆದ. ಕಡ್ಡಿ ಅವನ ಕಡೆ ನೋಡಿ ಬೇಡ ಅಂತ ತಲೆಯಾಡಿಸಿದಳು.

"ಅವಳು ಹೇಳಿ ಆಯ್ತು ಕಣೋ," ಅಂದಳು ಬಾಲನಿಗೆ. "ಅಲ್ಲಿಗೆ ಕೇಳಲ್ಲ. ನೀನೇ ಇಲ್ಲಿಗೆ ಬಾ."

ಬಾಲ ಕ್ಲಾಸುಗಳ ದಿಕ್ಕಿಗೆ ಒಮ್ಮೆ ನೋಡಿದ. ಆಮೇಲೆ ಮೊದಲ ಗಂಟನ್ನು ಪ್ರಶ್ನೆಯ ಕೈಗೆ ಕೊಟ್ಟು, ಹಗ್ಗದ ಪಕ್ಕದಲ್ಲೇ ನಡೆದು ಬಂದು, ಗುಬ್ಬಿಯ ಎದುರಿಗೆ ಬಗ್ಗಿ ನಿಂತ.

ಗುಬ್ಬಿ ಇನ್ನೊಂದು ಸಲ ಹೇಳಿದಳು.

ಅವನು ಟಿಕ್ ಹಾಕುವುದನ್ನು ನೋಡಿದ ಮೇಲೆ, ಕಡ್ಡಿ ತನ್ನ ಗಂಟನ್ನು ಜಗ್ಗಿ, "ನಾಲ್ಕು," ಅಂದಳು.